ಡ್ರಿಪ್ ಪೈಪನ್ನು ತೆಂಗಿನ ಬುಡದಿಂದ ದೂರ ಸರಿಸಿ

ತಿಪಟೂರು, ಅರಸೀಕೆರೆ ಕಡೆ ತೆಂಗಿನ ತೋಟಕ್ಕೆ ಹೋದಾಗ ನಾನು ಮೊದಲು ನೋಡುವುದು ಡ್ರಿಪ್ ಪೈಪು. ಎಷ್ಟೋ ತೋಟಗಳಲ್ಲಿ ಅದು ಕಾಂಡಕ್ಕೆ ಅಂಟಿಕೊಂಡೇ ಇರುತ್ತದೆ. ಯೂರಿಯಾ, ಪೊಟ್ಯಾಷ್ ಕೂಡ ಅಲ್ಲೇ ಸುರಿದಿರುತ್ತಾರೆ. ಆಮೇಲೆ ‘ಸಾರ್, ಇಷ್ಟು ಗೊಬ್ಬರ ಹಾಕಿದ್ರೂ ಹರಳು ಉದುರ್ತಿದೆ’ ಎಂಬ ದೂರು. ಹರಳು ಅಂದರೆ ತೆಂಗಿನ ಎಳೆ ಮಿಡಿ.

ಬುಡದಲ್ಲಿ ಕಾಣುವ ಕಂದು ಬೇರುಗಳು ಹೆಚ್ಚೇನೂ ನೀರು ಹೀರುವುದಿಲ್ಲ. ಅವುಗಳ ಸಿಪ್ಪೆ ಬಲಿತು ಗಟ್ಟಿಯಾಗಿರುತ್ತದೆ. ಮರವನ್ನು ಹಿಡಿದು ನಿಲ್ಲಿಸುವುದು, ತುದಿಯಿಂದ ಬಂದ ನೀರನ್ನು ಮೇಲಕ್ಕೆ ಸಾಗಿಸುವುದು ಅವುಗಳ ಕೆಲಸ. ನೀರು ಹೀರುವುದು ಎಳೆ ಬೇರಿನ ಬಿಳಿ ತುದಿ. ಎಷ್ಟೋ ಗಿಡಗಳಿಗೆ ಅಲ್ಲಿ ಕೂದಲಿನಂಥ ಬೇರುರೋಮಗಳಿರುತ್ತವೆ. ತೆಂಗಿಗೆ ಅವೂ ಇಲ್ಲ. ತುದಿಯ ಹಿಂದಿನ ಮೆತ್ತನೆ ಭಾಗವೇ ಅದರ ಬಾಯಿ. ಬೆಳೆದ ಮರದಲ್ಲಿ ಈ ಬಾಯಿಗಳು ಬುಡದ ಸುತ್ತ ಸುಮಾರು 2 ಮೀಟರ್ ತನಕ ಹರಡಿರುತ್ತವೆ. ಪಾತಿಯನ್ನು ಕಾಂಡದಿಂದ 6 ಅಡಿ ದೂರದವರೆಗೆ ಮಾಡಿ ಎನ್ನುವುದು ಅದಕ್ಕೇ. ಡ್ರಿಪ್ಪರ್ ಕಾಂಡದಿಂದ 1 ಮೀಟರ್ ದೂರವಿರಲಿ, ನಾಲ್ಕೂ ಕಡೆ ಇರಲಿ. ಎಳೆ ಸಸಿಗಾದರೆ ಹತ್ತಿರವೇ ಸಾಕು.

ಗೊಬ್ಬರಕ್ಕೂ ಇದೇ ಲೆಕ್ಕ. ಅದು ಕರಗಿ ನೀರಿಗೆ ಸೇರಿದರಷ್ಟೇ ಬೇರಿಗೆ ಸಿಗುವುದು. ಸಾರಜನಕ ನೀರಿನ ಜೊತೆ ಓಡಾಡುತ್ತದೆ. ರಂಜಕ ಹಾಗಲ್ಲ, ಹಾಕಿದ ಜಾಗ ಬಿಟ್ಟು ಕದಲುವುದೇ ಕಡಿಮೆ. ಬುಡಕ್ಕೆ ಸುರಿದರೆ ಅಲ್ಲೇ ಕೂರುತ್ತದೆ. ಹಾಗಂತ ಪಾತಿಯಲ್ಲಿ ಸದಾ ನೀರು ನಿಲ್ಲಿಸಬೇಡಿ. ಪೋಷಕಾಂಶ ಎಳೆದುಕೊಳ್ಳಲು ಬೇರು ಉಸಿರಾಡಬೇಕು, ಮಣ್ಣಿನಲ್ಲಿ ಗಾಳಿ ಬೇಕು.

ಒಬ್ಬ ಯಜಮಾನರು ಇದನ್ನು ನಂಬಲೇ ಇಲ್ಲ. ‘ನಮ್ಮಪ್ಪನ ಕಾಲದಿಂದ ಬುಡಕ್ಕೇ ಹಾಕೋದು’ ಎಂದರು. ಗುದ್ದಲಿ ತರಿಸಿ, ಕಾಂಡದಿಂದ ಎರಡು ಹೆಜ್ಜೆ ಆಚೆ ಅಗೆಸಿದೆ. ಅವರ ಸೊಸೆ ಬಗ್ಗಿ ಮಣ್ಣು ಸರಿಸಿ ಬಿಳಿ ತುದಿಗಳನ್ನು ನೋಡಿದರು. ‘ಮಾವ, ಬಚ್ಚಲ ಹಿಂದಿನ ಮರ ಯಾಕೆ ಜಾಸ್ತಿ ಕಾಯಿ ಬಿಡುತ್ತೆ ಗೊತ್ತಾಯ್ತಾ? ನೀರಿನ ಕಾಲುವೆ ಇಷ್ಟೇ ದೂರದಲ್ಲಿ ಹೋಗುತ್ತಲ್ಲ’ ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಹರಳು ಉದುರಲು ರೋಗ, ಕೀಟ, ಬೋರಾನ್ ಕೊರತೆಯೂ ಕಾರಣ ಇರಬಹುದು. ಮರ ನೋಡದೆ, ಮಣ್ಣು ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು. ಪೈಪು ಸರಿಸಿದ ಮುಂದಿನ ತಿಂಗಳೇ ‘ಏನೂ ಆಗ್ಲಿಲ್ಲ’ ಎಂದು ಫೋನ್ ಮಾಡಬೇಡಿ. ಇವತ್ತು ಬಿಚ್ಚುವ ಹೊಂಬಾಳೆ ಎರಡು ವರ್ಷಕ್ಕೂ ಹಿಂದೆಯೇ ಸುಳಿಯೊಳಗೆ ಮೂಡಿದ್ದು. ಕಾಯಿ ಬಲಿಯಲು ಮತ್ತೆ ಒಂದು ವರ್ಷ ಬೇಕು.