ಕಾರು ನಜ್ಜುಗುಜ್ಜಾಗಲಿ, ಕುತ್ತಿಗೆ ಉಳಿಯಲಿ

ಹೊಸ ಕಾರು ಕೊಳ್ಳುವ ಮಾತು ಬಂದಾಗಲೆಲ್ಲ ಮನೆಯ ಹಿರಿಯರೊಬ್ಬರು ಹೇಳುವ ಮಾತೊಂದಿದೆ. "ಈಗಿನ ಗಾಡಿಗಳೆಲ್ಲ ತಗಡು ಡಬ್ಬ ಕಣಪ್ಪಾ. ಅಂಬಾಸಿಡರ್ ಅಂದ್ರೆ ಅಂಬಾಸಿಡರ್, ಎಲ್ಲಿಗೆ ಗುದ್ದಿದ್ರೂ ಏನೂ ಆಗ್ತಿರ್ಲಿಲ್ಲ." ಗಾಡಿಗೆ ಜಾಸ್ತಿ ಏನೂ ಆಗುತ್ತಿರಲಿಲ್ಲ, ಒಪ್ಪಿದೆ. ಒಳಗೆ ಕೂತವರಿಗೆ?

ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡುವುದು ನನ್ನ ಕೆಲಸ. ಕ್ರ್ಯಾಶ್ ಸಿಮ್ಯುಲೇಶನ್ ಅನ್ನುತ್ತಾರೆ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಅಮೆರಿಕದ ಸ್ಟಾಕ್ ಕಾರ್ ರೇಸಿನ ಕಥೆ. ಗಟ್ಟಿ ಗಾಡಿ ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವುದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಸ್ಟಾಕ್ ಕಾರ್ ಹೊರಗಿನಿಂದ ಶೋರೂಮಿನ ಕಾರಿನ ಹಾಗೇ ಕಾಣುತ್ತದೆ. ಒಳಗೆ ಮಾತ್ರ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರ. ತೂಕ ಒಂದೂವರೆ ಟನ್ನಿನ ಮೇಲೆ. ನ್ಯಾಸ್ಕಾರ್ ಅನ್ನುವ ಸಂಸ್ಥೆ ಈ ರೇಸುಗಳನ್ನು ನಡೆಸುತ್ತದೆ. ಮೂವತ್ತು ನಲವತ್ತು ಕಾರುಗಳು ಬಂಪರಿಗೆ ಬಂಪರ್ ತಾಗಿಸಿಕೊಂಡು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಸುತ್ತುತ್ತವೆ. ಫ್ಲಾರಿಡಾದ ಡೇಟೋನಾ ಟ್ರ್ಯಾಕಿನ ಒಂದು ಸುತ್ತು 4 ಕಿಲೋಮೀಟರ್. ಅಲ್ಲಿ ವೇಗ ಗಂಟೆಗೆ 300 ಕಿಲೋಮೀಟರ್ ಆಸುಪಾಸು.

2001ರ ಫೆಬ್ರವರಿ 18ರಂದು ಅದೇ ಡೇಟೋನಾದಲ್ಲಿ, ಒಂದೇ ರೇಸಿನಲ್ಲಿ ಎರಡು ಅಪಘಾತಗಳಾದವು. ರೇಸು ಮುಗಿಯಲು ಇನ್ನೂ ಇಪ್ಪತ್ತೈದು ಸುತ್ತಿನಷ್ಟು ಇರುವಾಗ ಟೋನಿ ಸ್ಟೂವರ್ಟ್ ಅವರ ಕಾರು ಗಾಳಿಗೆ ಎದ್ದು, ಬೇರೆ ಕಾರುಗಳ ಮೇಲೆ ಹಾರಿ, ಉರುಳಿ ಉರುಳಿ ಬಿತ್ತು. ಬಿಡಿಭಾಗಗಳು ದಿಕ್ಕಾಪಾಲಾಗಿ ಚೆಲ್ಲಿದವು. ನೋಡಿದವರೆಲ್ಲ ಎದೆ ಹಿಡಿದುಕೊಂಡರು. ಸ್ಟೂವರ್ಟ್ ಬದುಕಿ ಬಂದರು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಡೇಲ್ ಅರ್ನ್‌ಹಾರ್ಟ್ ಅವರ ಕಪ್ಪು ಕಾರು ಹೊರಗಿನ ಕಾಂಕ್ರೀಟ್ ಗೋಡೆಗೆ ಬಡಿದು, ಜಾರಿಕೊಂಡು ಬಂದು ಹುಲ್ಲಿನ ಮೇಲೆ ನಿಂತಿತು. ಟಿವಿಯಲ್ಲಿ ನೋಡಿದವರಿಗೆ ಅದೊಂದು ಮಾಮೂಲಿ ಗುದ್ದು. ಏಳು ಸಲ ಚಾಂಪಿಯನ್ ಆಗಿದ್ದ ಅರ್ನ್‌ಹಾರ್ಟ್ ಆ ಗುದ್ದಿನಲ್ಲೇ ತೀರಿಕೊಂಡರು.

ಇದು ಹೇಗೆ ಅಂತ ಅರ್ಥವಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಕಾರು ಎಷ್ಟು ಜೋರಾಗಿ ಓಡುತ್ತಿತ್ತು ಅನ್ನುವುದನ್ನು ನಾವು ಆಮೇಲೆ ನೋಡುತ್ತೇವೆ. ಗುದ್ದಿದಾಗ ಎಷ್ಟು ವೇಗ ಕಳೆದುಕೊಂಡಿತು, ಎಷ್ಟು ಹೊತ್ತಿನಲ್ಲಿ ಕಳೆದುಕೊಂಡಿತು ಅನ್ನುವುದೇ ಮೊದಲ ಪ್ರಶ್ನೆ. ಉರುಳುವ ಕಾರು ಒಂದೊಂದು ಪಲ್ಟಿಗೂ ಇಷ್ಟಿಷ್ಟು ವೇಗ ಕಳೆದುಕೊಳ್ಳುತ್ತದೆ. ಪೂರ್ತಿ ನಿಲ್ಲಲು ಹಲವಾರು ಸೆಕೆಂಡು ಹಿಡಿಯುತ್ತದೆ. ಅರ್ನ್‌ಹಾರ್ಟ್ ಕಾರು ಸುಮಾರು 250 ಕಿಲೋಮೀಟರ್ ವೇಗದಲ್ಲಿತ್ತು. ಓರೆಯಾಗಿ ಬಡಿದದ್ದರಿಂದ ಆ ಒಂದು ಕ್ಷಣದಲ್ಲಿ ಬದಲಾದ ವೇಗ 70 ಕಿಲೋಮೀಟರ್ ಆಸುಪಾಸು ಅಷ್ಟೇ. ಆದರೆ ಕಾಂಕ್ರೀಟು ಬಗ್ಗಲಿಲ್ಲ. ಕಾರಿನ ಮೂತಿಯೂ ಸಾಕಷ್ಟು ಬಗ್ಗಲಿಲ್ಲ.

70 ಕಿಲೋಮೀಟರ್ ವೇಗ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಇಲ್ಲವಾದರೆ ದೇಹದ ಮೇಲೆ ಬೀಳುವ ಹೊರೆ ಸರಾಸರಿ 20 ಜಿ. ಅಂದರೆ ನಮ್ಮ ತೂಕದ ಇಪ್ಪತ್ತು ಪಟ್ಟು. ಅದೇ ವೇಗ ಇಪ್ಪತ್ತನೇ ಒಂದು ಭಾಗದಲ್ಲಿ ಹೋದರೆ 40 ಜಿ. ಹೆಲ್ಮೆಟ್ ಸೇರಿ ತಲೆಯ ತೂಕ 6 ಕಿಲೋ ಅಂತ ಇಟ್ಟುಕೊಳ್ಳಿ. 40 ಜಿಯಲ್ಲಿ ಅದು 240 ಕಿಲೋ ಆಗುತ್ತದೆ. ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್ ಭಾರವನ್ನು ಕುತ್ತಿಗೆ ಒಂದೇ ಹಿಡಿದಿಡಬೇಕು.

ಕುತ್ತಿಗೆ ಒಂದೇ ಯಾಕೆ? ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ನೋಡಬೇಕು. ನಮ್ಮ ಕಾರಿನ ಬೆಲ್ಟು ಗುದ್ದಿನ ಹೊತ್ತಿಗೆ ಸ್ವಲ್ಪ ಸಡಿಲಬಿಟ್ಟು ಎದೆಯನ್ನು ಮುಂದಕ್ಕೆ ಹೋಗಲು ಬಿಡುತ್ತದೆ, ಮುಂದೆ ಏರ್‌ಬ್ಯಾಗ್ ಕಾದಿರುತ್ತದೆ. ರೇಸ್ ಕಾರಿನ ಬೆಲ್ಟು ಹಾಗಲ್ಲ. ಎರಡೂ ಹೆಗಲು, ಸೊಂಟ, ತೊಡೆಸಂದು ಎಲ್ಲವನ್ನೂ ಸೀಟಿಗೆ ಬಿಗಿದು ಕಟ್ಟುತ್ತದೆ. ಸಿಮ್ಯುಲೇಶನ್ನಿನಲ್ಲಿ ಇದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಒಂದೊಂದೇ ಚಿತ್ರವಾಗಿ ನೋಡಬಹುದು. ಮೊದಲು ಬೆಲ್ಟು ಬಿಗಿಯಾಗುತ್ತದೆ. ಆಮೇಲೆ ಎದೆ ನಿಲ್ಲುತ್ತದೆ. ತಲೆ ನಿಲ್ಲುವುದಿಲ್ಲ. ಗದ್ದ ಮುಂದಕ್ಕೆ ಹೋಗುತ್ತದೆ, ಕುತ್ತಿಗೆ ಉದ್ದವಾಗುತ್ತದೆ, ಪರದೆಯ ಮೇಲೆ ಕುತ್ತಿಗೆಯ ಎಳೆತದ ಗೆರೆ ನೆಟ್ಟಗೆ ಮೇಲಕ್ಕೆ ಏರುತ್ತದೆ. ಬೆಲ್ಟುಗಳು ಒಳ್ಳೆಯವಾದಷ್ಟೂ ಎದೆ ಉಳಿಯಿತು, ಹೊರೆ ಪೂರ್ತಿ ಕುತ್ತಿಗೆಯ ಪಾಲಾಯಿತು.

ಆ ಎಳೆತಕ್ಕೆ ತಲೆಬುರುಡೆಯ ತಳ ಒಡೆಯುತ್ತದೆ. ಬೆನ್ನುಹುರಿ ಮಿದುಳಿಗೆ ಸೇರುವ ಜಾಗದ ಸುತ್ತ ಉಂಗುರದ ಹಾಗೆ ಬಿರುಕು ಬಿಡುತ್ತದೆ. ಉಸಿರಾಟ ನಡೆಸುವ ಮಿದುಳಿನ ಬುಡವೂ, ತಲೆಗೆ ರಕ್ತ ಒಯ್ಯುವ ದೊಡ್ಡ ನಾಳಗಳೂ ಅಲ್ಲೇ ಇರುವುದು. ಸಾವು ಬಹುಪಾಲು ಸ್ಥಳದಲ್ಲೇ. ಅರ್ನ್‌ಹಾರ್ಟ್ ಅವರ ಸೊಂಟದ ಬೆಲ್ಟು ಹರಿದಿತ್ತು. ಅದೇ ಕಾರಣವೇ ಅಂತ ತಿಂಗಳುಗಟ್ಟಲೆ ವಾದ ನಡೆಯಿತು. ಶವಪರೀಕ್ಷೆಯ ಚಿತ್ರಗಳನ್ನು ಸ್ವತಂತ್ರವಾಗಿ ಪರಿಶೀಲಿಸಿದ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾರಿ ಮೈಯರ್ಸ್, ತಲೆಗೆ ಹಿಡಿತ ಇಲ್ಲದೆ ಮುಂದಕ್ಕೆ ಎಸೆಯಲ್ಪಟ್ಟದ್ದೇ ಮುಖ್ಯ ಕಾರಣ ಅಂದರು.

ನನಗೆ ಇಂದಿಗೂ ಸಿಟ್ಟು ಬರುವುದು ಇಲ್ಲಿ. ಇದಕ್ಕೆ ಮದ್ದು ಆಗಲೇ ಇತ್ತು. 1981ರಲ್ಲಿ ಗೆಳೆಯನೊಬ್ಬ ಟ್ರ್ಯಾಕಿನಲ್ಲಿ ಸತ್ತಾಗ ರೇಸರ್ ಜಿಮ್ ಡೌನಿಂಗ್ ತಮ್ಮ ಭಾವಮೈದುನ ರಾಬರ್ಟ್ ಹಬ್ಬರ್ಡ್ ಅವರನ್ನು ಕೇಳಿದ್ದರು, ಏನಾದರೂ ಮಾಡೋಕೆ ಆಗುತ್ತಾ ಅಂತ. ಹಬ್ಬರ್ಡ್ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದೇಹದ ಯಂತ್ರಶಾಸ್ತ್ರ ಕಲಿಸುತ್ತಿದ್ದವರು. ಇಬ್ಬರೂ ಸೇರಿ ಹಾನ್ಸ್ ಅನ್ನುವ ಸಾಧನ ಮಾಡಿದರು. ಕಾರ್ಬನ್ ಫೈಬರಿನ ಕೊರಳಪಟ್ಟಿ, ಅದರ ಎರಡು ಕಾಲುಗಳು ಹೆಗಲ ಮೇಲಿಂದ ಎದೆಗೆ ಇಳಿಯುತ್ತವೆ. ಅವುಗಳ ಮೇಲೆ ಬೆಲ್ಟು ಹಾಯುತ್ತದೆ. ಕೊರಳಪಟ್ಟಿಯಿಂದ ಎರಡು ಪಟ್ಟಿಗಳು ಹೆಲ್ಮೆಟ್ಟಿನ ಎರಡು ಪಕ್ಕಕ್ಕೆ ಸಿಕ್ಕಿಕೊಳ್ಳುತ್ತವೆ. ಅಷ್ಟೇ. ಚಾಲಕ ಅತ್ತಿತ್ತ ನೋಡಬಹುದು. ಗುದ್ದಾದಾಗ ಪಟ್ಟಿಗಳು ಬಿಗಿಯಾಗಿ ತಲೆಯೂ ಎದೆಯ ಜೊತೆಗೇ ನಿಲ್ಲುತ್ತದೆ. ತಲೆಯ ಹೊರೆ ಕುತ್ತಿಗೆಯನ್ನು ಬಿಟ್ಟು ಬೆಲ್ಟಿಗೆ, ಬೆಲ್ಟಿನಿಂದ ಕಾರಿಗೆ ಹೋಗುತ್ತದೆ.

1980ರ ದಶಕದಿಂದ ಇದ್ದ ಈ ಸಾಧನವನ್ನು 2001ರ ಡೇಟೋನಾದಲ್ಲಿ ಹಾಕಿಕೊಂಡಿದ್ದವರು ಬೆರಳೆಣಿಕೆಯಷ್ಟು ಜನ. ಕಿರಿಕಿರಿ ಆಗುತ್ತದೆ, ಬೆಂಕಿ ಬಿದ್ದರೆ ಹೊರಗೆ ಬರಲು ತಡವಾಗುತ್ತದೆ ಅನ್ನುವುದು ಉಳಿದವರ ಮಾತು. ಹಿಂದಿನ ವರ್ಷವೇ ಎಚ್ಚರಿಕೆ ಸಿಕ್ಕಿತ್ತು. 2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಆಡಮ್ ಪೆಟ್ಟಿ ಸತ್ತರು. ವಯಸ್ಸು 19. ಮಹಾನ್ ಚಾಲಕ ರಿಚರ್ಡ್ ಪೆಟ್ಟಿ ಅವರ ಮೊಮ್ಮಗ. ಎಂಟು ವಾರದಲ್ಲಿ ಅದೇ ಟ್ರ್ಯಾಕಿನ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್ ಸತ್ತರು. ಅಕ್ಟೋಬರಿನಲ್ಲಿ ಟೆಕ್ಸಾಸ್‌ನಲ್ಲಿ ಟೋನಿ ರೋಪರ್. ಅರ್ನ್‌ಹಾರ್ಟ್ ನಾಲ್ಕನೆಯವರು. ಆಮೇಲೆ ಚಾಲಕರು ತಾವಾಗಿಯೇ ಹಾನ್ಸ್ ಹಾಕಿಕೊಳ್ಳತೊಡಗಿದರು. ಆದರೂ ನ್ಯಾಸ್ಕಾರ್ ತಲೆ ಮತ್ತು ಕುತ್ತಿಗೆಯ ಹಿಡಿತವನ್ನು ಕಡ್ಡಾಯ ಮಾಡಿದ್ದು 2001ರ ಅಕ್ಟೋಬರಿನಲ್ಲಿ, ಬ್ಲೇಝ್ ಅಲೆಕ್ಸಾಂಡರ್ ಅನ್ನುವ ಇನ್ನೊಬ್ಬ ಯುವಕ ಷಾರ್ಲಟ್‌ನಲ್ಲಿ ತೀರಿಕೊಂಡ ಮೇಲೆ.

ಅಂದಿನಿಂದ ನ್ಯಾಸ್ಕಾರಿನ ಮೂರು ರಾಷ್ಟ್ರೀಯ ಸರಣಿಗಳಲ್ಲಿ ಒಬ್ಬ ಚಾಲಕನೂ ಅಪಘಾತದಲ್ಲಿ ಸತ್ತಿಲ್ಲ.

ಅದರ ಪುಣ್ಯ ಕೊರಳಪಟ್ಟಿಗೆ ಮಾತ್ರ ಸೇರಬಾರದು. ಗೋಡೆಯೂ ಬದಲಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಹೆದ್ದಾರಿಯ ಪಕ್ಕದ ತಡೆಬೇಲಿಗಳನ್ನು ಪರೀಕ್ಷಿಸುವ ಕೇಂದ್ರವೊಂದಿದೆ. ಅಲ್ಲಿನ ಎಂಜಿನಿಯರ್ ಡೀನ್ ಸಿಕಿಂಗ್ ಮತ್ತು ಅವರ ತಂಡ ಸೇಫರ್ ಬ್ಯಾರಿಯರ್ ಮಾಡಿದರು. ಕಾಂಕ್ರೀಟ್ ಗೋಡೆಯ ಮುಂದೆ ಚೌಕನೆಯ ಉಕ್ಕಿನ ಕೊಳವೆಗಳನ್ನು ಬೆಸೆದ ಇನ್ನೊಂದು ಗೋಡೆ, ಎರಡರ ನಡುವೆ ಫೋಮ್ ದಿಮ್ಮಿಗಳು. ಕಾರು ಬಡಿದಾಗ ಉಕ್ಕು ಹಿಂದಕ್ಕೆ ಸರಿಯುತ್ತದೆ, ಫೋಮು ಜಜ್ಜಿಹೋಗುತ್ತದೆ. ಸಿಗುವುದು ಕೆಲವೇ ಮಿಲಿಸೆಕೆಂಡು. ಮೇಲಿನ ಲೆಕ್ಕ ನೋಡಿದರೆ ಆ ಕೆಲವು ಮಿಲಿಸೆಕೆಂಡಿನ ಬೆಲೆ ಗೊತ್ತಾಗುತ್ತದೆ. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ಹಾಕಿದರು. 2008ರಲ್ಲಿ ಟೆಕ್ಸಾಸ್‌ನಲ್ಲಿ ಮೈಕೆಲ್ ಮೆಕ್‌ಡವೆಲ್ ಇಂಥ ಗೋಡೆಗೆ ಹೆಚ್ಚುಕಡಿಮೆ ನೇರವಾಗಿ ಬಡಿದು, ಹಲವು ಪಲ್ಟಿ ಹೊಡೆದು, ಎದ್ದು ಜನರಿಗೆ ಕೈ ಬೀಸಿದರು.

ಆದರೆ ಗೋಡೆ ಎಲ್ಲ ಕಡೆ ಇರಬೇಕಲ್ವಾ? "ಇಲ್ಲಿಗೆ ಯಾರೂ ಬಡಿಯಲ್ಲ" ಅಂತ ಬಿಟ್ಟ ಜಾಗಗಳಿದ್ದವು. 2015ರ ಫೆಬ್ರವರಿಯಲ್ಲಿ ಡೇಟೋನಾದ ಒಳಬದಿಯ ಬರೀ ಕಾಂಕ್ರೀಟಿಗೆ ಕೈಲ್ ಬುಶ್ ಬಡಿದರು. ತಲೆ, ಕುತ್ತಿಗೆ ಉಳಿಯಿತು. ಬಲಗಾಲಿನ ಮೂಳೆ ಚರ್ಮ ಸೀಳಿಕೊಂಡು ಬಂತು, ಎಡಪಾದ ಮುರಿಯಿತು. ತಮ್ಮ ಹೊಣೆಯಲ್ಲಿ ತಾವು ತಪ್ಪಿದೆವು ಅಂತ ಟ್ರ್ಯಾಕಿನ ಅಧ್ಯಕ್ಷರು ಅವತ್ತೇ ಎಲ್ಲರೆದುರು ಒಪ್ಪಿಕೊಂಡರು, ಟ್ರ್ಯಾಕಿನುದ್ದಕ್ಕೂ ಸೇಫರ್ ಗೋಡೆ ಹಾಕಿಸುವುದಾಗಿ ಮಾತು ಕೊಟ್ಟರು. ನನ್ನ ವೃತ್ತಿಯಲ್ಲಿ ಅಷ್ಟು ನೇರವಾದ ಮಾತು ಅಪರೂಪ. ಬುಶ್ 11 ರೇಸು ತಪ್ಪಿಸಿಕೊಂಡರೂ ಆ ವರ್ಷದ ಚಾಂಪಿಯನ್ ಆದರು.

ಬೆಂಕಿಯ ವಿಷಯ ಹಳೆಯದು, ಬಹುಮಟ್ಟಿಗೆ ಬಗೆಹರಿದಿದೆ. 1964ರಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಸುಟ್ಟಗಾಯಗಳಿಂದ ಸತ್ತ ಮೇಲೆ ಒಡೆಯದ ರಬ್ಬರ್ ಚೀಲದ ಇಂಧನ ಟ್ಯಾಂಕ್ ಬಂತು. 1970ರಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ಪಲ್ಟಿಯಾದ ಕಾರಿನ ಕಿಟಕಿಯಿಂದ ರಿಚರ್ಡ್ ಪೆಟ್ಟಿ ಅವರ ತೋಳು ಹೊರಗೆ ಬಿದ್ದು ನೇತಾಡಿದ್ದನ್ನು ನೋಡಿ ಕಿಟಕಿಗೆ ಬಲೆ ಬಂತು.

ಬಗೆಹರಿಯದೆ ಉಳಿದಿರುವುದು ಮಿದುಳು. ಇಲ್ಲಿ ಗಟ್ಟಿ ಗಾಡಿಯ ಕಥೆ ಮತ್ತೆ ಶುರುವಾಗುತ್ತದೆ. 2022ರಲ್ಲಿ ನ್ಯಾಸ್ಕಾರ್ ನೆಕ್ಸ್ಟ್ ಜೆನ್ ಅನ್ನುವ ಹೊಸ ಕಾರು ತಂದಿತು. ದೊಡ್ಡ ಗುದ್ದುಗಳಲ್ಲಿ ಒಳಗಿನ ಪಂಜರ ಚೆನ್ನಾಗಿ ನಿಂತಿತು. ಆದರೆ ಕಾರಿನ ಹಿಂಭಾಗ ತೀರಾ ಬಿಗಿ. ಹಿಂದಿನಿಂದ ಗೋಡೆಗೆ ಬಡಿದರೆ ಕಾರಿಗೆ ನೋಡುವಂಥ ಪೆಟ್ಟಾಗುತ್ತಿರಲಿಲ್ಲ, ಒಳಗಿದ್ದವರು ಮಾತ್ರ ತಲೆ ಹಿಡಿದುಕೊಂಡು ಇಳಿಯುತ್ತಿದ್ದರು. ಜುಲೈನಲ್ಲಿ ಪೊಕೊನೊ ಟ್ರ್ಯಾಕಿನಲ್ಲಿ, ರೇಸು ಕೂಡ ಅಲ್ಲ, ಅರ್ಹತಾ ಸುತ್ತಿನಲ್ಲಿ ಕರ್ಟ್ ಬುಶ್ ಹೀಗೆ ಹಿಂದಿನಿಂದ ಬಡಿದರು. 2004ರ ಚಾಂಪಿಯನ್ ಅವರು. ಮತ್ತೆ ಪೂರ್ಣಾವಧಿ ರೇಸಿಗೆ ಮರಳಲೇ ಇಲ್ಲ. ಸೆಪ್ಟೆಂಬರಿನಲ್ಲಿ ಟೆಕ್ಸಾಸ್‌ನಲ್ಲಿ ಅಲೆಕ್ಸ್ ಬೌಮನ್ ಕಾರೂ ಹಿಂದಿನಿಂದಲೇ ಬಡಿಯಿತು. ಅವರು ಐದು ರೇಸು ಹೊರಗುಳಿದರು. ಗುದ್ದುಗಳು ಮೈಗೆ ಹಿಂದೆಂದಿಗಿಂತ ಜೋರಾಗಿ ತಟ್ಟುತ್ತಿವೆ ಅಂತ ಚಾಲಕರು ಆ ವರ್ಷವೆಲ್ಲ ಹೇಳುತ್ತಲೇ ಇದ್ದರು. 2023ಕ್ಕೆ ಹಿಂಭಾಗದ ಕೆಲವು ಕೊಳವೆಗಳನ್ನು ತೆಗೆದು, ಕೆಲವನ್ನು ತೆಳ್ಳಗೆ ಮಾಡಿ, ಜಜ್ಜಿಹೋಗುವ ಹಾಗೆ ಬದಲಾಯಿಸಿದರು.

ನಮ್ಮಲ್ಲಿ ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬಾರದು ಅಂತ 2017ರಲ್ಲಿ ಕೇಂದ್ರ ಸರ್ಕಾರ ಹೇಳಿದಾಗ ಬೈದುಕೊಂಡವರಿಗೆ ನಾನು ಈ ನೆಕ್ಸ್ಟ್ ಜೆನ್ ಕಾರಿನ ಉದಾಹರಣೆಯನ್ನೇ ಕೊಡುತ್ತೇನೆ. ಜಜ್ಜಿಹೋಗಲಿ ಅಂತಲೇ ಮಾಡಿದ ಭಾಗದ ಮುಂದೆ ಬಗ್ಗದ ಕಂಬಿ ಕಟ್ಟಿದರೆ ಗುದ್ದು ನೇರ ಒಳಗೆ ಬರುತ್ತದೆ. ಏರ್‌ಬ್ಯಾಗಿನ ಸೆನ್ಸರ್ ಕೂಡ ದಾರಿ ತಪ್ಪಬಹುದು.

ಕರ್ಟ್ ಬುಶ್, ಬೌಮನ್ ಇಬ್ಬರಿಗೂ ಆದದ್ದು ಕನ್‌ಕಶನ್ ಅನ್ನುವ ಮಿದುಳಿನ ಪೆಟ್ಟು. ಅದನ್ನು ವಿವರಿಸುವುದು ಕಷ್ಟ. ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದರೆ ಗಿಟುಕು ಚಿಪ್ಪಿಗೆ ಬಡಿಯುತ್ತದಲ್ಲ, ಬುರುಡೆಯೊಳಗೆ ಮಿದುಳು ಹಾಗೆ ಸರಿದಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ತಲೆ ಗಕ್ಕನೆ ತಿರುಗಿದಾಗ ಮಿದುಳು ಒಳಗೊಳಗೇ ತಿರುಚಿಕೊಂಡು ನರದ ಎಳೆಗಳು ಎಳೆದಾಡುತ್ತವೆ. ಮೂಳೆ ಮುರಿದಿರುವುದಿಲ್ಲ. ಸ್ಕ್ಯಾನಿನಲ್ಲೂ ಹೆಚ್ಚಿನ ಸಲ ಏನೂ ಕಾಣುವುದಿಲ್ಲ. ತಲೆ ಸುತ್ತು, ಬೆಳಕು ಕಂಡರೆ ಆಗದಿರುವುದು, ಕಣ್ಣಿನ ನೋಟ ಒಂದೆಡೆ ನಿಲ್ಲದಿರುವುದು, ಕಾರಣವಿಲ್ಲದ ಕೋಪ. ಹೇಳಿಕೊಂಡರಷ್ಟೇ ಗೊತ್ತಾಗುವ ಲಕ್ಷಣಗಳು. ಹೇಳಿಕೊಂಡರೆ ಸೀಟು ಬೇರೆಯವರ ಪಾಲಾಗಬಹುದು ಅನ್ನುವ ಭಯ.

ಸತ್ತ ಅರ್ನ್‌ಹಾರ್ಟ್ ಅವರ ಮಗ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಈ ಭಯದ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದಾರೆ. 2012ರಲ್ಲಿ ಅವರೇ ವೈದ್ಯರ ಹತ್ತಿರ ಹೋಗಿ ಎರಡು ರೇಸು ಬಿಟ್ಟರು. ಆಮೇಲಿನ ವರ್ಷಗಳಲ್ಲಿ ಮಾತ್ರ ಗುದ್ದಾದಾಗಲೆಲ್ಲ ಕಾಣಿಸುತ್ತಿದ್ದ ಲಕ್ಷಣಗಳನ್ನು ಯಾರಿಗೂ ಹೇಳದೆ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. 2016ರ ಹೊತ್ತಿಗೆ ಸರಿಯಾಗಿ ನಡೆಯಲೂ ಕಷ್ಟವಾಗಿ ಅರ್ಧ ಸೀಸನ್ ಮನೆಯಲ್ಲಿ ಕೂತರು. ಮರುವರ್ಷ ಪೂರ್ಣಾವಧಿ ರೇಸಿನಿಂದ ನಿವೃತ್ತರಾದರು. ಅಪ್ಪನ ಕುತ್ತಿಗೆ ಉಳಿಸಬಹುದಾಗಿದ್ದ ಎಲ್ಲವೂ ಮಗನ ಕಾರಿನಲ್ಲಿತ್ತು. ಮಿದುಳಿಗೆ ಅದು ಸಾಕಾಗಲಿಲ್ಲ.

ನ್ಯಾಸ್ಕಾರ್ 2014ರಿಂದ ಎಲ್ಲ ಚಾಲಕರಿಗೂ ಸೀಸನ್ನಿಗೆ ಮುಂಚೆ ಮಿದುಳಿನ ಪರೀಕ್ಷೆ ಕಡ್ಡಾಯ ಮಾಡಿದೆ. ಪೆಟ್ಟಾದ ಮೇಲೆ ಹೋಲಿಸಿ ನೋಡಲು ಅದು ಬೇಕು. 2002ರಿಂದ ಕಾರುಗಳಲ್ಲಿ ಗುದ್ದಿನ ಜೋರನ್ನು ದಾಖಲಿಸುವ ಪೆಟ್ಟಿಗೆ ಇದೆ. ಆದರೆ ಆ ಪೆಟ್ಟಿಗೆ ಕಾರಿಗೆ ಬಿಗಿದದ್ದು. ಕಾರಿಗೆ ಎಷ್ಟು ಜಿ ಬಿತ್ತು ಅಂತ ಹೇಳುತ್ತದೆ, ತಲೆ ಎಷ್ಟು ಗಕ್ಕನೆ ತಿರುಗಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಸೀಟು, ಪಕ್ಕದ ಮೆತ್ತೆ, ಬೆಲ್ಟಿನ ಬಿಗಿ ಒಂದೊಂದು ಕಾರಿನಲ್ಲಿ ಒಂದೊಂದು ಥರ ಇರುವುದರಿಂದ ಒಂದೇ ಜೋರಿನ ಗುದ್ದಿಗೆ ಇಬ್ಬರ ತಲೆ ಒಂದೇ ಥರ ಅಲ್ಲಾಡುವುದಿಲ್ಲ. ಮೇಲ್ದವಡೆ ಬುರುಡೆಗೆ ಅಂಟಿಕೊಂಡ ಮೂಳೆ. ಅದರ ಹಲ್ಲುಗಳಿಗೆ ಕೂರುವ, ಪುಟ್ಟ ಸೆನ್ಸರ್ ಇರುವ ಅಚ್ಚು ಈಗ ಬಂದಿದೆ. ಬುರುಡೆ ಅಲ್ಲಾಡಿದಷ್ಟನ್ನೇ ಅದು ಅಳೆಯುತ್ತದೆ. ಕೆಲವು ಚಾಲಕರು ತಾವಾಗಿಯೇ ಹಾಕಿಕೊಂಡು ರೇಸು ಓಡಿಸಿದ್ದಾರೆ. ಹಾನ್ಸ್ ಕೂಡ ಮೊದಲು ಇಷ್ಟವಿದ್ದವರಿಗೆ ಮಾತ್ರ ಅಂತಲೇ ಇತ್ತು. ಈ ಅಚ್ಚನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕು, ಅದರ ಅಂಕಿಗಳು ತಂಡದ ಮಾಲೀಕರಿಗಿಂತ ಮೊದಲು ವೈದ್ಯರ ಕೈಗೆ ಹೋಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.