ಸರಾಸರಿ ರೋಗಿ ಯಾವ ಒಪಿಡಿಗೂ ಬರುವುದಿಲ್ಲ

ಒಪಿಡಿಯ ಸರತಿ ಕರಗಿಸಬೇಕು, ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ (ಒಪಿಡಿಯ ನಕಲು ಮಾದರಿ ಕಟ್ಟಿ ಓಡಿಸಿ ನೋಡುವುದು) ಮಾಡಿಕೊಡಿ ಎಂದು ಬರುವ ಆಸ್ಪತ್ರೆಯವರು ಜೊತೆಗೊಂದು ಎಕ್ಸೆಲ್ ಹಾಳೆ ತರುತ್ತಾರೆ. ಅದರಲ್ಲಿ ಇರುವುದು ಎರಡೇ ಅಂಕಿ: ಗಂಟೆಗೆ ಸರಾಸರಿ 9 ರೋಗಿಗಳು, ಒಬ್ಬರನ್ನು ನೋಡಲು ವೈದ್ಯರಿಗೆ ಸರಾಸರಿ 6 ನಿಮಿಷ. ಒಂಬತ್ತಾರ್ಲೆ ಐವತ್ನಾಲ್ಕು, ಗಂಟೆಗೆ ಇನ್ನೂ 6 ನಿಮಿಷ ಮಿಕ್ಕಬೇಕು. "ಲೆಕ್ಕ ಸರಿಯಾಗೇ ಇದೆಯಲ್ಲ ಸಾರ್, ಆದ್ರೂ ಹೊರಗೆ ಇಷ್ಟೊಂದು ಜನ ಯಾಕೆ?" ಎಂಬ ಪ್ರಶ್ನೆ ಬೇರೆ.

ಗುಣಾಕಾರ ಸರಿ, ಲೆಕ್ಕ ತಪ್ಪು. ರೋಗಿಗಳು ಸರಿಯಾಗಿ 6 ನಿಮಿಷ 40 ಸೆಕೆಂಡಿಗೊಬ್ಬರಂತೆ ಬಂದು, ಪ್ರತಿಯೊಬ್ಬರೂ ಸರಿಯಾಗಿ 6 ನಿಮಿಷಕ್ಕೆ ಎದ್ದು ಹೋದರೆ ಯಾರೂ ಒಂದು ನಿಮಿಷವೂ ಕಾಯಬೇಕಿಲ್ಲ. ಆದರೆ ಬರುವ ಅಂತರವೂ ನೋಡುವ ಸಮಯವೂ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯಂತೆ (ಹೆಚ್ಚಿನವು ಚಿಕ್ಕವು, ಆಗೊಮ್ಮೆ ಈಗೊಮ್ಮೆ ಬಹಳ ದೊಡ್ಡವು) ಏರಿಳಿದರೆ, ಅದೇ 9, ಅದೇ 6 ಇಟ್ಟುಕೊಂಡೇ, ದೀರ್ಘಕಾಲದ ಸರಾಸರಿ ಕಾಯುವಿಕೆ 54 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಸರಾಸರಿ ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಏರಿಳಿತ ಮಾತ್ರ.

ಇದನ್ನು ಎಷ್ಟು ಬಿಡಿಸಿ ಹೇಳಿದರೂ ಸಾಲದು, ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. 9:40ಕ್ಕೆ ಯಾರೂ ಬರದೆ ವೈದ್ಯರು ಮೂರು ನಿಮಿಷ ಸುಮ್ಮನೆ ಕೂತರೆ ಆ ಮೂರು ನಿಮಿಷ ಹೋಯಿತು. ಕನ್ನಂಬಾಡಿಯ ನೀರಿನಂತೆ ಅದನ್ನು ಕಟ್ಟಿಟ್ಟು 10:30ಕ್ಕೆ ಬಿಡಲು ಬರುವುದಿಲ್ಲ. 10:30ಕ್ಕೆ ಒಟ್ಟಿಗೆ ಐದು ಜನ ಬಂದಾಗ ಹುಟ್ಟಿದ ಬಾಕಿ ಮಾತ್ರ ಮುಂದಿನವರ ತಲೆಗೆ ದಾಟುತ್ತಲೇ ಹೋಗುತ್ತದೆ. ಬಿಡುವು ಕೂಡಿಡಲು ಬರದು, ಬಾಕಿ ತಾನಾಗಿ ಕೂಡುತ್ತದೆ. ಸರಾಸರಿಯಲ್ಲಿ ಈ ಎರಡೂ ಒಂದಕ್ಕೊಂದು ಹೊಡೆದುಹೋದಂತೆ ಕಾಣುತ್ತವೆ, ಕಾರಿಡಾರಿನಲ್ಲಿ ಹೋಗುವುದಿಲ್ಲ.

ಇನ್ನು ಆ 6 ನಿಮಿಷ. ಬಿಡಿಸಿ ನೋಡಿದರೆ ಹೆಚ್ಚಾಗಿ ಸಿಗುವುದು ಇಂಥ ಚಿತ್ರ: ನಾಲ್ವರಲ್ಲಿ ಒಬ್ಬರು ಹೊಸಬರು, ಅವರಿಗೆ 12 ನಿಮಿಷ, ಮೂವರು ಹಳಬರು, ತಲಾ 4 ನಿಮಿಷ. ಸರಾಸರಿ 6 ಬಂತು. ಆದರೆ 6 ನಿಮಿಷ ತೆಗೆದುಕೊಳ್ಳುವ ರೋಗಿ ಒಬ್ಬರೂ ಇಲ್ಲ. ಮಾದರಿಯಲ್ಲಿ ಹೊಸಬರು, ಹಳಬರು ಎರಡು ಬೇರೆ ಬಗೆಯಾಗಿಯೇ ಬರಬೇಕು. ಹಾಗೆ ಮಾಡಿದಾಗಲೇ 'ಹೊಸಬರನ್ನು ಬೆಳಿಗ್ಗೆಯೇ ಮುಗಿಸಿದರೆ ಏನಾಗುತ್ತದೆ' ಎಂಬಂಥ ಪ್ರಶ್ನೆ ಕೇಳಲಿಕ್ಕೆ ಸಾಧ್ಯ.

ಎಲ್ಲರೂ ಮರೆಯುವ ಇನ್ನೊಂದು ಸಂಗತಿ ಲ್ಯಾಬಿನಿಂದ ಹಿಂದಿರುಗುವವರು. ಚೀಟಿ ಕೌಂಟರ್, ವೈದ್ಯರು, ಲ್ಯಾಬ್, ಔಷಧ ಕೌಂಟರ್ ಎಂದು ನೇರ ಗೆರೆ ಎಳೆದ ಚಿತ್ರ ಕೊಡುತ್ತಾರೆ. ರಿಪೋರ್ಟ್ ಹಿಡಿದು ಬಂದವರು ಮತ್ತೆ ವೈದ್ಯರ ಬಾಗಿಲಿಗೇ ಬರುತ್ತಾರೆ, ಅದೂ ಸರತಿಯನ್ನು ಸೀಳಿಕೊಂಡು. ನೂರಕ್ಕೆ 40 ಮಂದಿ ಹೀಗೆ ಬಂದು ತಲಾ 2 ನಿಮಿಷ ತೆಗೆದುಕೊಂಡರೆ ಒಬ್ಬ ರೋಗಿಯ ಸರಾಸರಿ 6.8 ನಿಮಿಷ ಆಯಿತು. 9 ರೋಗಿಗಳಿಗೆ 61.2 ನಿಮಿಷ. ಗಂಟೆಗೆ 6 ನಿಮಿಷ ಮಿಕ್ಕುತ್ತದೆ ಎಂದುಕೊಂಡಿದ್ದ ವೈದ್ಯರು ಗಂಟೆಗೆ 1.2 ನಿಮಿಷದಂತೆ ಹಿಂದೆ ಬೀಳುತ್ತಿರುತ್ತಾರೆ. ಈ ಸ್ಥಿತಿಯಲ್ಲಿ ಸರತಿ ಕರಗಿಸುವ ಜಾಣ್ಮೆ ಯಾವುದೂ ಇಲ್ಲ, ಬಾಗಿಲು ಮುಚ್ಚುವವರೆಗೂ ಅದು ಬೆಳೆಯುತ್ತದೆ.

ಹಾಗಾಗಿ ಕೆಲಸದ ಅರ್ಧಕ್ಕಿಂತ ಹೆಚ್ಚು ಅಳತೆಯಲ್ಲೇ ಹೋಗುತ್ತದೆ. ಪ್ರತಿ ರೋಗಿಗೆ ನಾಲ್ಕು ಸಮಯ ಬೇಕು: ಗೇಟಿಗೆ ಬಂದದ್ದು, ಚೀಟಿ ಆದದ್ದು, ಒಳಗೆ ಕರೆದದ್ದು, ಹೊರಗೆ ಬಂದದ್ದು. ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಇರುವುದು ಎರಡನೆಯದೊಂದೇ. ಚೀಟಿ ಕೌಂಟರ್ ತೆರೆಯುವ ಮೊದಲೇ ನಿಂತಿದ್ದ ನಲವತ್ತು ಮಂದಿ ಅದರ ಪಾಲಿಗೆ ಆಗ ತಾನೇ ಬಂದವರು. ಕಾದು ಬೇಸತ್ತು ಹೊರಟುಹೋದವರಂತೂ ದಾಖಲೆಯಲ್ಲೇ ಇಲ್ಲ. ಪುಸ್ತಕದಲ್ಲಿ ಬರೆದ ಸಮಯಗಳೆಲ್ಲ 9:00, 9:05, 9:10 ಎಂದು ಐದರ ಗುಣಕವಾಗಿದ್ದರೆ ಮಧ್ಯಾಹ್ನ ಕೂತು ತುಂಬಿಸಿದ್ದಾರೆ ಎಂದೇ ತಿಳಿಯಿರಿ. ಕೈಯಲ್ಲಿ ಗಡಿಯಾರ ಹಿಡಿದವರು ಪಕ್ಕದಲ್ಲಿ ನಿಂತ ಮೊದಲ ದಿನ ಎಲ್ಲರೂ ಚುರುಕಾಗಿರುತ್ತಾರೆ, ಆ ದಿನದ ಅಂಕಿ ಬಿಟ್ಟುಬಿಡುವುದು ಒಳ್ಳೆಯದು. ಒಂದೊಂದು ಬಗೆಯ ರೋಗಿಗೂ ನೂರು, ನೂರೈವತ್ತು ಅಳತೆಯಾದರೂ ಕೈಯಲ್ಲಿರಲಿ. ಸೋಮವಾರವನ್ನು ಬೇರೆ ದಿನಗಳ ಜೊತೆ ಬೆರೆಸಬೇಡಿ. ಬರುವವರ ಲೆಕ್ಕವನ್ನು ಗಂಟೆಗಲ್ಲ, 15 ನಿಮಿಷಕ್ಕೊಮ್ಮೆ ಹಿಡಿಯಿರಿ. ಹಳ್ಳಿಯ ಬಸ್ಸು ಬಂದಾಗ ಹನ್ನೆರಡು ಮಂದಿ ಒಮ್ಮೆಲೇ ಇಳಿಯುವುದು ಗಂಟೆಯ ಲೆಕ್ಕದಲ್ಲಿ ಅಳಿಸಿಹೋಗುತ್ತದೆ.

ಸಾಫ್ಟ್‌ವೇರ್ ಯಾವುದು ಎಂದು ಮೊದಲ ಭೇಟಿಯಲ್ಲೇ ಕೇಳುತ್ತಾರೆ. ಸಿಮ್‌ಪೈ, ಅರೀನಾ, ಎನಿಲಾಜಿಕ್, ಯಾವುದಾದರೂ ನಡೆಯುತ್ತದೆ. 1952ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ ಇದೇ ಒಪಿಡಿ ಸರತಿಯನ್ನು ಯಾದೃಚ್ಛಿಕ ಸಂಖ್ಯೆಗಳಿಂದ, ಕೈಲೆಕ್ಕದಲ್ಲೇ ಅಧ್ಯಯನ ಮಾಡಿದ್ದರು. ಆರಂಭಕ್ಕೆ ಇಬ್ಬರನ್ನು ಕರೆಸಿಕೊಂಡು, ಉಳಿದವರಿಗೆ ಸರಾಸರಿ ತಪಾಸಣೆಯಷ್ಟೇ ಅಂತರ ಬಿಟ್ಟು ಸಮಯ ಕೊಡಿ ಎಂಬ ಅವರ ಸಲಹೆ ಇವತ್ತಿಗೂ ಪರೀಕ್ಷಿಸಲು ಯೋಗ್ಯವಾದ ಮೊದಲ ಪರ್ಯಾಯ.

ಮಾದರಿ ಸಿದ್ಧವಾದ ಮೇಲೆ ಮೊದಲು ಈಗಿನ ಒಪಿಡಿಯನ್ನೇ ಓಡಿಸಿ ನೋಡಬೇಕು. ಇಂದಿನ ಸ್ಥಿತಿಯನ್ನೇ ತೋರಿಸಲಾಗದ ಮಾದರಿ ನಾಳೆಯದನ್ನು ಏನು ಹೇಳೀತು? ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ಸರಳ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬರುವವರ ದರವನ್ನು ಕಾಯುವ ಸಮಯದಿಂದ ಗುಣಿಸಿದರೆ ಕಾಯುತ್ತಿರುವವರ ಸಂಖ್ಯೆ: ಗಂಟೆಗೆ 18 ಜನ ಬಂದು ತಲಾ 40 ನಿಮಿಷ ಕಾದರೆ ಕಾಯುತ್ತಿರುವವರು ಸರಾಸರಿ 12. ಬೆಂಚಿನ ಮೇಲೆ ಮೂವತ್ತು ಜನ ಕಂಡರೆ ಮೂರರಲ್ಲಿ ಯಾವುದೋ ಒಂದು ಅಂಕಿ ಸುಳ್ಳು, ಇಲ್ಲವೇ ಹದಿನೆಂಟು ಮಂದಿ ಜೊತೆಗೆ ಬಂದ ನೆಂಟರು. ಎರಡನ್ನೂ ಕೇಳಿ. ಆಮೇಲೆ ಪರದೆಯ ಮೇಲಿನ ಓಡಾಟವನ್ನು ಒಪಿಡಿಯ ಸಿಸ್ಟರ್‌ಗೆ ತೋರಿಸಿ. "ಹತ್ತೂವರೆಗೆ ಡಾಕ್ಟ್ರು ವಾರ್ಡ್ ರೌಂಡ್ಸಿಗೆ ಹೋಗ್ತಾರಲ್ಲ, ಅದೆಲ್ಲಿ?" ಎಂಬಂಥ ಮಾತು ಅವರಿಂದ ಬರುತ್ತದೆಯೇ ಹೊರತು ಕಾನ್ಫರೆನ್ಸ್ ಕೋಣೆಯಿಂದ ಅಲ್ಲ.

ಒಮ್ಮೆ ಓಡಿಸಿ ಬಂದ ಅಂಕಿಯನ್ನು ಉತ್ತರ ಎಂದು ಹಿಡಿಯುವುದು ಸರಾಸರಿಯ ಭ್ರಮೆಯ ತಮ್ಮ. ಒಂದು ಓಟ ಎಂದರೆ ಒಂದು ದಿನ, ಅಷ್ಟೇ. ಹತ್ತು ಓಟಗಳ ಸರಾಸರಿ ಕಾಯುವಿಕೆ 38 ನಿಮಿಷ, ಓಟದಿಂದ ಓಟಕ್ಕೆ ಮಾನಕ ವಿಚಲನೆ (ಏರಿಳಿತದ ಅಳತೆ) 12 ನಿಮಿಷ ಎಂದುಕೊಳ್ಳಿ. 95 ಪ್ರತಿಶತ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಸರಾಸರಿ ಇರಬಹುದಾದ ಹರವು, 38ರ ಆಚೀಚೆ 8.6 ನಿಮಿಷ. ಹೊಸ ವ್ಯವಸ್ಥೆಯಿಂದ 5 ನಿಮಿಷ ಉಳಿಯಿತು ಎಂದು ಇದರ ಮೇಲೆ ಹೇಳುವಂತಿಲ್ಲ. ವ್ಯಾಪ್ತಿ 3 ನಿಮಿಷಕ್ಕೆ ಇಳಿಯಲು ಸುಮಾರು 64 ಓಟ ಬೇಕು. ಹಳೆಯ, ಹೊಸ ವ್ಯವಸ್ಥೆಗಳೆರಡಕ್ಕೂ ಅದೇ ರೋಗಿಗಳನ್ನು, ಅದೇ ಹೊತ್ತಿಗೆ, ಅದೇ ಕಾಯಿಲೆಯೊಂದಿಗೆ ಕಳಿಸಿ ಹೋಲಿಸಿದರೆ ಕಡಿಮೆ ಓಟದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಇದಕ್ಕೆ ಆಗಮನ, ತಪಾಸಣೆ, ಲ್ಯಾಬ್ ಪ್ರತಿಯೊಂದಕ್ಕೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯಾಸರಣಿ ಇಡಬೇಕು. ಎಲ್ಲಕ್ಕೂ ಒಂದೇ ಸರಣಿ ಇಟ್ಟರೆ ಒಬ್ಬ ವೈದ್ಯರನ್ನು ಸೇರಿಸಿದ ಕ್ಷಣ ರೋಗಿಗಳೇ ಬದಲಾಗಿಬಿಡುತ್ತಾರೆ. ಕಾರ್ಖಾನೆಯ ಮಾದರಿ ಮಾಡಿ ಬಂದವರು ಮೊದಲ ಒಂದು ಗಂಟೆಯ ಫಲಿತಾಂಶವನ್ನು 'ಬಿಸಿಯಾಗುವ ಅವಧಿ' ಎಂದು ಕೈಬಿಡುತ್ತಾರೆ. ಇಲ್ಲಿ ಅದು ಕೂಡದು. ಒಪಿಡಿ ದಿನವೂ ತೆರೆದು ಮುಚ್ಚುವಂಥದ್ದು, ಬೆಳಗಿನ ಆ ಒಂದು ಗಂಟೆಯೇ ರೋಗ. ಮೇಲೆ ಹೇಳಿದ 54 ನಿಮಿಷವೂ ದೀರ್ಘಕಾಲದ್ದು, ನಾಲ್ಕು ಗಂಟೆಯ ಒಪಿಡಿಗೆ ನೇರವಾಗಿ ಅಂಟಿಸುವಂತಿಲ್ಲ.

ಪರ್ಯಾಯಗಳಲ್ಲಿ ಎಲ್ಲರ ಕಣ್ಣು ಚೀಟಿ ಕೌಂಟರಿನ ಮೇಲೆ. ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ 2022ರಿಂದೀಚೆಗೆ ಬಂದಿದೆ, ಕೌಂಟರಿನ ಸರತಿಗೆ ಅದು ನಿಜಕ್ಕೂ ಒಳ್ಳೆಯದು. ಆದರೆ ಅಡಚಣೆ ವೈದ್ಯರ ಬಾಗಿಲಲ್ಲಿದ್ದರೆ ಅದೇ ಜನ ಅಲ್ಲಿಗೆ ಇನ್ನೂ ಬೇಗ ತಲುಪಿ ಅಲ್ಲಿ ಕಾಯುತ್ತಾರೆ. ಹಣ ಖರ್ಚಿಲ್ಲದ ಪರ್ಯಾಯ ಬೇರೊಂದಿದೆ. ಇಬ್ಬರು ವೈದ್ಯರಿಗೆ ಎರಡು ಸಾಲಿನ ಬದಲು ಒಂದೇ ಸಾಲು ಮಾಡಿದರೆ ಮೊದಲಿನ 54 ನಿಮಿಷ ಸುಮಾರು 26ಕ್ಕೆ ಇಳಿಯುತ್ತದೆ. 'ನಮ್ಮ ಡಾಕ್ಟ್ರೇ ಬೇಕು' ಎನ್ನುವ ಹಳಬರನ್ನು ಬಲವಂತ ಮಾಡಬಾರದು, ಅವರ ಮಾತಿನಲ್ಲೂ ನ್ಯಾಯವಿದೆ. ಹೊಸಬರನ್ನಷ್ಟೇ ಒಂದು ಸಾಲಿಗೆ ಹಾಕಿದರೂ ಲಾಭದ ಒಂದು ಪಾಲು ಸಿಗುತ್ತದೆ. ಎಷ್ಟು ಪಾಲು ಎಂಬುದು ಸೂತ್ರಕ್ಕೆ ಸುಲಭವಾಗಿ ದಕ್ಕುವುದಿಲ್ಲ, ಸಿಮ್ಯುಲೇಶನ್ ಬೇಕಾಗುವುದು ಇಂಥಲ್ಲಿಯೇ. ಒಂದೇ ಕೌಂಟರ್, ಒಂದೇ ಬಗೆಯ ಜನ ಇರುವ ಕಡೆ ಸೂತ್ರ ಸಾಕು, ನಮಗೆ ದುಡ್ಡು ಕೊಡಬೇಡಿ.

ತಪಾಸಣೆಯ ಮೊದಲೇ ಸಿಸ್ಟರ್ ಬಿಪಿ, ತೂಕ ಬರೆದಿಟ್ಟು ವೈದ್ಯರ 6 ನಿಮಿಷ 5.4ಕ್ಕೆ ಇಳಿದರೆ ಅದೇ 54 ನಿಮಿಷದ ಕಾಯುವಿಕೆ 23ಕ್ಕೆ ಬರುತ್ತದೆ. ಉಳಿಸಿದ್ದು ತಲಾ 36 ಸೆಕೆಂಡು. ಈ ಅಂಕಿ ಕಂಡು ಆಡಳಿತದವರ ಮುಖ ಅರಳುತ್ತದೆ, ಅಲ್ಲೇ ತಡೆದು ಹೇಳಬೇಕಾದದ್ದೊಂದಿದೆ. ಸರತಿ ಸಣ್ಣದಾದ ಸುದ್ದಿ ಊರಿಗೆ ಬೇಗ ಹಬ್ಬುತ್ತದೆ. ಗಂಟೆಗೆ 9ರ ಬದಲು 10 ಮಂದಿ ಬಂದರೆ 23 ನಿಮಿಷ ಮತ್ತೆ 49ರ ಹತ್ತಿರ ಹೋಗುತ್ತದೆ. ಅದಕ್ಕಾಗಿ ವರದಿಯ ಕೋಷ್ಟಕದಲ್ಲಿ 9ರ ಕೆಳಗೆ 10, 11ರ ಸಾಲುಗಳನ್ನೂ, ಸರಾಸರಿಯ ಪಕ್ಕದಲ್ಲಿ ಹತ್ತರಲ್ಲಿ ಒಂಬತ್ತು ರೋಗಿಗಳು ಎಷ್ಟರೊಳಗೆ ಒಳಗೆ ಹೋದರು ಎಂಬ ಅಂಕಿಯನ್ನೂ ಕೇಳಿ ಪಡೆಯಿರಿ. 11ರ ಸಾಲಿನಲ್ಲಿ ವೈದ್ಯರಿಗೆ ಗಂಟೆಗೆ ಮಿಕ್ಕುವುದು 36 ಸೆಕೆಂಡು.