ಮೋಸದ ಇಮೇಲ್‌ನ ಲೆಕ್ಕ: ಖರ್ಚು ಎಲ್ಲಿ, ಲಾಭ ಎಲ್ಲಿ?

ನೈಜೀರಿಯಾದಲ್ಲಿ ಕೋಟಿಗಟ್ಟಲೆ ಡಾಲರ್ ಸಿಕ್ಕಿಹಾಕಿಕೊಂಡಿದೆ, ಬಿಡಿಸಲು ನಿಮ್ಮ ನೆರವು ಬೇಕು ಎಂಬ ಮೇಲ್ ಎಲ್ಲರಿಗೂ ಗೊತ್ತು. ಅಲ್ಲಿನ ಅಪರಾಧ ಸಂಹಿತೆಯ 419ನೇ ಸೆಕ್ಷನ್ ವಂಚನೆಗೆ ಸಂಬಂಧಿಸಿದ್ದು. ಅದರಿಂದಲೇ ಈ ಮೋಸಕ್ಕೆ 419 ಎಂಬ ಹೆಸರು ಬಂತು. ಇಷ್ಟು ಕುಖ್ಯಾತವಾದ ಮೇಲೂ ಮೋಸಗಾರರು ನೈಜೀರಿಯಾ ಹೆಸರನ್ನೇ ಯಾಕೆ ಹೇಳುತ್ತಾರೆ? 2012ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ ಇದಕ್ಕೆ ಕೊಟ್ಟ ಉತ್ತರ ಸೊಗಸಾಗಿದೆ.

ಮೇಲ್ ಕಳಿಸೋದು ಹೆಚ್ಚುಕಮ್ಮಿ ಪುಕ್ಕಟೆ. ಉತ್ತರ ಬಂದ ಮೇಲೆಯೇ ನಿಜವಾದ ಖರ್ಚು ಶುರು. ಒಬ್ಬೊಬ್ಬರ ಜೊತೆಗೂ ವಾರಗಟ್ಟಲೆ ಮಾತಾಡಬೇಕು, ನಂಬಿಸಬೇಕು. ಒಂದು ಊಹೆಯ ಲೆಕ್ಕ ಹಾಕೋಣ. ಒಬ್ಬರನ್ನು ನಂಬಿಸುವ ಪ್ರಯತ್ನಕ್ಕೆ 1,000 ರೂಪಾಯಿ ಖರ್ಚು, ಬಲೆಗೆ ಬಿದ್ದವರಿಂದ ತಲಾ 1 ಲಕ್ಷ ಆದಾಯ ಅಂದುಕೊಳ್ಳಿ. ನಂಬುವಂತೆ ಬರೆದ ಮೇಲ್‌ಗೆ 1,000 ಜನ ಉತ್ತರಿಸಿ, ಕೊನೆಗೆ 5 ಜನ ಹಣ ಕೊಟ್ಟರು. ಖರ್ಚು 10 ಲಕ್ಷ, ಆದಾಯ 5 ಲಕ್ಷ. ನಷ್ಟವೇ! ಪೆದ್ದುಪೆದ್ದಾಗಿ ಬರೆದ ಮೇಲ್‌ಗೆ 50 ಜನ ಉತ್ತರಿಸಿ, 4 ಜನ ಕೊಟ್ಟರು. ಖರ್ಚು 50 ಸಾವಿರ, ಆದಾಯ 4 ಲಕ್ಷ.

ಒಬ್ಬರು ಕೈತಪ್ಪಿದರೂ ಲಾಭ ಬಂತು, ಅಲ್ವಾ? ಅನುಮಾನ ಪಡುವವರು ಮೊದಲೇ ದೂರ ಹೋಗಲಿ ಅಂತಲೇ ಕತೆ ಅಷ್ಟು ಅಸಂಬದ್ಧ. ಮೇಲ್ ಅಲ್ಲಿ ಜರಡಿಯ ಕೆಲಸ ಮಾಡುತ್ತದೆ.

ಈ ಲೆಕ್ಕ ಎಲ್ಲ ಮೋಸಕ್ಕೂ ಹೊಂದುವುದಿಲ್ಲ. ಔಷಧಿ ಮಾರುವ ಸ್ಪ್ಯಾಮ್‌ನಲ್ಲಿ, ಅಂದರೆ ಕೇಳದೆಯೇ ರಾಶಿರಾಶಿ ಬರುವ ಜಾಹೀರಾತು ಮೇಲ್‌ನಲ್ಲಿ, ಮಾತುಕತೆಯೇ ಇಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಟಾರ್ಮ್ ಎಂಬ ಬಾಟ್‌ನೆಟ್‌ನ (ಮೋಸಗಾರರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರ್‌ಗಳ ಜಾಲ) ಒಳಹೊಕ್ಕು ನೋಡಿದರು. 26 ದಿನ, ಸುಮಾರು 35 ಕೋಟಿ ಮೇಲ್, ಖರೀದಿಗೆ ಮುಂದಾದವರು 28 ಜನ. ಅಂದರೆ ಒಬ್ಬ ಗಿರಾಕಿಗೆ 1.2 ಕೋಟಿಗೂ ಜಾಸ್ತಿ ಮೇಲ್. ಹೀಗಿದ್ದೂ ದಂಧೆ ನಡೆಯುತ್ತಿತ್ತು, ಯಾಕಂದರೆ ಕಳಿಸುತ್ತಿದ್ದದ್ದು ವೈರಸ್ ಹೊಕ್ಕ ಯಾರದೋ ಕಂಪ್ಯೂಟರ್‌ಗಳು.

ಇದಕ್ಕೆ ತದ್ವಿರುದ್ಧ, ಕಂಪನಿಯ ಬಾಸ್ ಅಥವಾ ಸಪ್ಲೈಯರ್ ಹೆಸರಿನಲ್ಲಿ ಅಕೌಂಟ್ಸ್ ವಿಭಾಗಕ್ಕೆ ಬರುವ ಮೇಲ್. ಇಲ್ಲಿ ಗುರಿ ಕಡಿಮೆ, ತಯಾರಿ ಜಾಸ್ತಿ, ಭಾಷೆಯೂ ನೀಟು. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಇಂಥ 21 ಸಾವಿರಕ್ಕೂ ಹೆಚ್ಚು ದೂರು ಬಂದವು, ನಷ್ಟ ಸುಮಾರು 290 ಕೋಟಿ ಡಾಲರ್. ಸರಾಸರಿ ತೆಗೆದರೆ ದೂರಿಗೆ 1.3 ಲಕ್ಷ ಡಾಲರ್ ದಾಟುತ್ತದೆ. ಹಾಗಾಗಿ ತಪ್ಪು ಇಂಗ್ಲಿಷ್ ಇದ್ದರೆ ಮಾತ್ರ ಮೋಸ ಅಂತ ದಯವಿಟ್ಟು ನಂಬಬೇಡಿ.

ಮಾತಾಡುವ ಖರ್ಚು ಇಳಿದರೆ ಏನಾಗುತ್ತದೆ? ನನಗೆ ತುಂಬಾ ಕಳವಳ ಹುಟ್ಟಿಸಿದ ಭಾಗ ಇದು. ಚಾಟ್‌ಬಾಟ್‌ಗಳು ಒಂದು ದಾರಿ. ಇನ್ನೊಂದು ದಾರಿ ಜೀತ. ಕೆಲಸದ ಆಸೆ ತೋರಿಸಿ ಕರೆದೊಯ್ದವರನ್ನು ಕೂಡಿಹಾಕಿ, ಹೊಡೆದು ಬಡಿದು ಮೋಸದ ಚಾಟ್ ಮಾಡಿಸುತ್ತಾರೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನ ಹೀಗೆ ಸಿಕ್ಕಿಕೊಂಡಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಅಂದಾಜಿಸಿತು. ಭಾರತದ ಯುವಕರೂ ಅಲ್ಲಿಂದ ಪಾರಾಗಿ ಬಂದಿದ್ದಾರೆ. ನಮ್ಮ ಲೆಕ್ಕದ 1,000 ರೂಪಾಯಿ ಕಡಿಮೆಯಾಗುವುದು ಹೀಗೆ.

ಮೋಸಗಾರರಿಗೆ ಇನ್ನೂ ಕಷ್ಟದ ಜಾಗ ಹಣ ಹೊರತೆಗೆಯುವುದು. 2011ರ ಇನ್ನೊಂದು ಅಧ್ಯಯನದಲ್ಲಿ ಸ್ಪ್ಯಾಮ್ ಮೂಲಕ ಮಾರುವ ಔಷಧಿ, ನಕಲಿ ಬ್ರ್ಯಾಂಡ್ ಮಾಲು, ಸಾಫ್ಟ್‌ವೇರ್‌ಗಳಲ್ಲಿ 95% ವಹಿವಾಟು ಬೆರಳೆಣಿಕೆಯ ಬ್ಯಾಂಕ್‌ಗಳಲ್ಲೇ ಹಾದುಹೋಗುವುದು ಕಂಡಿತು. ಮೇಲ್ ಕಳಿಸುವ ಕಂಪ್ಯೂಟರ್ ಲಕ್ಷಗಟ್ಟಲೆ, ಬ್ಯಾಂಕ್ ಮಾತ್ರ ನಾಲ್ಕಾರು. ತಡೆಯುವುದಾದರೆ ಅಲ್ಲೇ ತಡೆಯಬೇಕು.

ನಮ್ಮಲ್ಲಿ ಆ ಜಾಗದಲ್ಲಿರುವುದು ಮ್ಯೂಲ್ ಖಾತೆ, ಅಂದರೆ ಬಾಡಿಗೆಗೆ ಕೊಟ್ಟ ಬ್ಯಾಂಕ್ ಖಾತೆ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರಿ ಕೊನೆಗೆ ನಗದೋ ಕ್ರಿಪ್ಟೋನೋ ಆಗುತ್ತದೆ. ಅಷ್ಟರೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋದರೆ ಬ್ಯಾಂಕ್ ಹಣವನ್ನು ತಡೆಹಿಡಿಯಬಹುದು. ಕಮಿಷನ್ ಆಸೆಗೆ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡುವವರಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಇದ್ದಾರೆ. ದೂರು ದಾಖಲಾದಾಗ ಪೊಲೀಸರಿಗೆ ಮೊದಲು ಸಿಗುವ ಹೆಸರು ಅವರದೇ.